ವಸ್ತುವಿನ ಬೆಲೆಯೂ ವಿಮೆಯ ಮೊತ್ತವೂ

ನೇಕಾರಿಕೆಗೆ ಹೆಸರಾದ ರಬಕವಿ ಮತ್ತು ಬನಹಟ್ಟಿಗಳು ಒಂದನ್ನೊಂದು ಹೊಂದಿಕೊಂಡಿರುವ ಊರುಗಳು. 1948ಕ್ಕೆ ಮುನ್ನ ರಬಕವಿಯು ಸಾಂಗ್ಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದುವು. ಇಲ್ಲಿಯ ಮಗ್ಗದ ಶೆಡ್ಡು, ನೂಲಿನ ಉಗ್ರಾಣಗಳಿಗಾಗಲಿ, ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಸಕ್ಕರೆ ಕಾರ್ಖಾನೆಗಳಿಗಾಗಲಿ ಎಷ್ಟು ಮೊತ್ತದ ವಿಮೆಯಿರಬೇಕೆಂಬುದು ಬರಿಯ ಲೆಕ್ಕದ ಮಾತೆಂದು ತೋರಬಹುದು. ಆದರೆ ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಸಮೀಪದ ತೇರದಾಳದ 12ನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಉಲ್ಲೇಖವಿದೆ. ಅಂತಹ ವರ್ತಕರ ನಷ್ಟವನ್ನು ಧರ್ಮಶಾಸ್ತ್ರವು ಹೇಗೆ ಕಾಣುತ್ತಿತ್ತು? ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ಟೀಕೆಯನ್ನು ರಚಿಸಿದನು. ಅದರ ಮೂಲವಾದ ಯಾಜ್ಞವಲ್ಕ್ಯಸ್ಮೃತಿಯು ಕಾಡುದಾರಿಯಲ್ಲಿ ಹೋಗುವ ಸಾಲಗಾರನಿಗೆ ತಿಂಗಳಿಗೆ ನೂರಕ್ಕೆ 10ರಂತೆಯೂ ಕಡಲಯಾನ ಮಾಡುವವನಿಗೆ 20ರಂತೆಯೂ ಬಡ್ಡಿಯನ್ನು ವಿಧಿಸುತ್ತದೆ. ಮೂಲಧನವೇ ಅಳಿಯಬಹುದೆಂಬ ಶಂಕೆಯೇ ಇದಕ್ಕೆ ಕಾರಣವೆಂದು ಟೀಕಾಕಾರನ ಅಭಿಪ್ರಾಯ. ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ನಷ್ಟವಾದ ಇಡುಗಂಟನ್ನು ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದೂ ಸ್ಮೃತಿಯು ಹೇಳುತ್ತದೆ. ಅಲ್ಲಿಯ ಪ್ರಶ್ನೆಯು ನಷ್ಟವನ್ನು ಹೊರತಕ್ಕವರು ಯಾರು ಎಂಬುದು.

ಆಧುನಿಕ ವಿಮೆಯಲ್ಲಿ ಪ್ರಶ್ನೆಯು ‘ಎಷ್ಟು’ ಎಂದಾಯಿತು. ವಿಮೆಯು ನಷ್ಟವನ್ನು ತುಂಬಿಕೊಡತಕ್ಕುದೇ ಹೊರತು ಲಾಭವನ್ನು ಕೊಡತಕ್ಕುದಲ್ಲವೆಂಬ ತತ್ತ್ವವನ್ನು 1883ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಕ್ಯಾಸ್ಟೆಲೇನ್ ಮತ್ತು ಪ್ರೆಸ್ಟನ್ನರ ವ್ಯಾಜ್ಯದಲ್ಲಿ ಸ್ಪಷ್ಟಪಡಿಸಿತು. ಭಾರತದ ವಿಮಾ ಕಾಯಿದೆಯು 1938ರದು; ನಿಗದಿತ ಮೊತ್ತಕ್ಕೆ ಮೇಲ್ಪಟ್ಟ ನಷ್ಟಕ್ಕೆ ಪರವಾನಗಿ ಪಡೆದ ಸರ್ವೇಯರನ ವರದಿ ಬೇಕೆಂಬ ನಿಯಮವು 1968ರ ತಿದ್ದುಪಡಿಯಿಂದ ಬಂದಿತು.

ವಿವಾದದ ತಿರುಳು ‘ಆವರೇಜ್’ ಎಂಬ ನಿಬಂಧನೆಯಲ್ಲಿದೆ. 1 ಕೋಟಿ ರೂಪಾಯಿ ಬೆಲೆಯ ಶೆಡ್ಡಿಗೆ 60 ಲಕ್ಷದ ವಿಮೆಯಿದ್ದು, ಬೆಂಕಿಯಿಂದ 20 ಲಕ್ಷದ ನಷ್ಟವಾಯಿತೆನ್ನೋಣ. ನಷ್ಟವು ವಿಮೆಯ ಮೊತ್ತಕ್ಕಿಂತ ಕಡಮೆಯಾದರೂ ಒಡೆಯನಿಗೆ ಸಲ್ಲುವುದು 12 ಲಕ್ಷ ಮಾತ್ರ. ಉಳಿದ ಭಾಗಕ್ಕೆ ಅವನು ತಾನೇ ತನ್ನ ವಿಮೆಗಾರನೆಂದು ಎಣಿಕೆ. ಇನ್ನು ಬೆಲೆಯೆಂದರೆ ಯಾವುದು? ಸವಕಳಿ ಕಳೆದುಳಿದ ಹಳೆಯ ಮಗ್ಗದ ಬೆಲೆಯೋ, ಹೊಸದನ್ನು ಹೂಡಲು ತಗಲುವ ವೆಚ್ಚವೋ? ಕಂತು ಕಟ್ಟುವಾಗ ಒಡೆಯನಿಗೆ ಮೊದಲನೆಯದು ಹಿತ, ನಷ್ಟವಾದಾಗ ಎರಡನೆಯದು.

2019ರಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ಪ್ರವಾಹವು ಈ ಸೀಮೆಯನ್ನು ಪೀಡಿಸಿತು. 2021ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಕಿರು ಮತ್ತು ಸಣ್ಣ ಉದ್ಯಮಗಳ ಪಾಲಿಸಿಗಳಲ್ಲಿ, ವಿಮೆಯ ಮೊತ್ತವು ನಿಜಬೆಲೆಗಿಂತ ನೂರಕ್ಕೆ 15ರವರೆಗೆ ಕಡಮೆಯಿದ್ದರೆ ಆ ಕಾರಣದಿಂದ ಪರಿಹಾರವನ್ನು ಕಡಿಯಕೂಡದೆಂದು ವಿಧಿಸಲಾಗಿದೆ. ಬೆಲೆಯನ್ನು ಕರಾರುವಾಕ್ಕಾಗಿ ಹೇಳುವುದು ಪ್ರಾಮಾಣಿಕನಿಗೂ ದುಸ್ಸಾಧ್ಯವೆಂಬುದನ್ನು ಈ ನಿಯಮವು ಒಪ್ಪಿಕೊಂಡಂತಾಯಿತು.

ಆದುದರಿಂದ ‘ಎಷ್ಟು’ ಎಂಬ ಹೊಸ ಪ್ರಶ್ನೆಯ ಒಡಲಲ್ಲಿ ‘ಯಾರು’ ಎಂಬ ಹಳೆಯ ಪ್ರಶ್ನೆಯೇ ಅಡಗಿದೆ. ನೆಮ್ಮದಿಯ ದಿನದಲ್ಲಿ ಬರೆಯಿಸಿದ ಅಂಕಿಯು, ಆಪತ್ತಿನ ದಿನದಲ್ಲಿ ಒಡೆಯನು ತಾನೇ ಹೊರಬೇಕಾದ ಪಾಲನ್ನು ಮುಂದಾಗಿಯೇ ಗೊತ್ತುಮಾಡಿರುತ್ತದೆ.