ಕಚೇರಿಯೊಳಗಿನ ಮನೆ, ಊರಾಚೆಗೆ ಹೋದ ಜನ

ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಹಾರ್ಲೊ ಅನ್ನೋ ಪಟ್ಟಣ ಇದೆ. ಯುದ್ಧದ ಬಾಂಬಿಗೆ ಮನೆ ಕಳಕೊಂಡ, ಕೊಳೆಗೇರಿಗಳಲ್ಲಿ ಕಿಕ್ಕಿರಿದಿದ್ದ ಲಂಡನ್ನಿನ ದುಡಿಯುವ ಜನಕ್ಕಾಗಿ 1947ರಲ್ಲಿ ಲೇಬರ್ ಸರ್ಕಾರ ಇದನ್ನ ಕಟ್ಟಲು ಹೊರಟಿತು. ಫ್ರೆಡರಿಕ್ ಗಿಬರ್ಡ್ ನಕ್ಷೆ ಬರೆದ. ಬ್ರಿಟನ್ನಿನ ಮೊದಲ ಗೋಪುರದಂಥ ವಸತಿ ಕಟ್ಟಡ 'ದಿ ಲಾನ್' 1951ರಲ್ಲಿ ಎದ್ದದ್ದೂ ಇಲ್ಲೇ. ಕೂಲಿಕಾರನಿಗೂ ಗಾಳಿ ಬೆಳಕು ಬೇಕು ಅಂತ ಒಂದು ಸರ್ಕಾರ ಒಪ್ಪಿಕೊಂಡಿದ್ದ ಕಾಲ ಅದು.

ಅದೇ ಊರಿನ ನಡುವೆ ಟರ್ಮಿನಸ್ ಹೌಸ್ ಅನ್ನೋ 14 ಅಂತಸ್ತಿನ ಹಳೇ ಕಚೇರಿ ಕಟ್ಟಡ. 2010ರ ದಶಕದ ಕೊನೆಗೆ ಅದರೊಳಗೆ 200ಕ್ಕೂ ಹೆಚ್ಚು ಮನೆಗಳಾದವು. ಲಂಡನ್ನಿನ ನಗರಸಭೆಗಳು ತಮ್ಮಲ್ಲಿ ಮನೆಯಿಲ್ಲದ ಸಂಸಾರಗಳನ್ನ ಅಲ್ಲಿಗೆ ಸಾಗಹಾಕಿದವು. ಮಕ್ಕಳ ಶಾಲೆ, ತಾಯಂದಿರ ಕೆಲಸ, ನೆಂಟರು ಎಲ್ಲ ಲಂಡನ್ನಿನಲ್ಲೇ ಉಳಿದರು. ಕೇರಿಯಿಂದ ಬಂದು ಓದಿದ ನಾವು ಯಾವ ದೇಶದ ಚರಿತ್ರೆ ಓದಿದರೂ, ಊರಾಚೆಗೆ ಯಾರನ್ನ ಕಳಿಸ್ತಾರೆ ಅಂತ ಮೊದಲು ಹುಡುಕ್ತೀವಿ.

ಖಾಲಿ ಬಿದ್ದ ಕಚೇರಿ ಮನೆಯಾಗೋದು ತಪ್ಪಲ್ಲ. ಪಾಯ, ಕಂಬ, ಲಿಫ್ಟು ಎಲ್ಲ ನಿಂತೇ ಇರ್ತವೆ. ಖರ್ಚು ಬೇರೆ ಕಡೆ. ಕಚೇರಿಯ ಅಂಕಣ ಅಗಲ, ಕಿಟಕಿ ಇರೋದು ಹೊರಗೋಡೆಗೆ ಮಾತ್ರ. ನಟ್ಟನಡುವೆ ಬೆಳಕು ಬರೋದಿಲ್ಲ. ಮಹಡಿಗೆ ಒಂದೆರಡು ಕಡೆ ಇದ್ದ ನೀರು, ಚರಂಡಿ ಕೊಳವೆಗಳನ್ನ ಪ್ರತಿ ಮನೆಗೂ ಎಳೀಬೇಕು. ಸರಿಯಾಗಿ ಮಾಡಿದರೆ ಜಾಗ ಹೋಗ್ತದೆ, ಲಾಭ ಇಳೀತದೆ. ಗೂಡು ಗೂಡಾಗಿ ಸೀಳಿದರೆ ಬಾಡಿಗೆ ಏರ್ತದೆ. ಒಡೆಯನ ಲೆಕ್ಕ ಇಷ್ಟೆ. ಅವನ ಕೈ ಹಿಡಿಯಬೇಕಾದದ್ದು ಕಾನೂನು.

ಕಾನೂನು ಕೈ ಬಿಟ್ಟಿತು. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಕಚೇರಿಯನ್ನ ಮನೆ ಮಾಡೋಕೆ ಪೂರ್ಣ ಯೋಜನಾ ಅನುಮತಿ ಬೇಡ ಅಂತಾಯಿತು. 2016ರಲ್ಲಿ ಅದೇ ಕಾಯಂ ಆಯಿತು. ಮಾಮೂಲಿ ಅನುಮತಿಯಲ್ಲಾದರೆ ಬಡವರ ಕೈಗೆಟುಕುವ ಮನೆಗಳಿಗೆ ಅಂತ ಒಂದು ಪಾಲು ಕೇಳಬಹುದಿತ್ತು. ಆ ಪಾಲೂ ಹೋಯಿತು. ಇಲ್ಲೊಂದು ತಮಾಷೆ ನೋಡಿ: ಬ್ಯಾಂಕುಗಳ ಕೋಟೆಯಾದ ಸಿಟಿ ಆಫ್ ಲಂಡನ್ನಿಗೂ ಹಣವಂತರ ಕೆನ್ಸಿಂಗ್ಟನ್-ಚೆಲ್ಸಿಗೂ ಈ ನಿಯಮದಿಂದ 2019ರವರೆಗೆ ವಿನಾಯಿತಿ! ಹಾರ್ಲೊಗೆ ಇರಲಿಲ್ಲ.

ಗಂಟು ಇನ್ನೂ ಹಿಂದಿನದು. ಮನೆ ಇಲ್ಲದ ಸಂಸಾರಕ್ಕೆ ಆಸರೆ ಕೊಡೋದು ನಗರಸಭೆಯ ಹೊಣೆ ಅಂತ 1977ರ ಕಾಯ್ದೆ ಹೇಳಿತು. 1980ರಲ್ಲಿ ಥ್ಯಾಚರ್ ಸರ್ಕಾರ ನಗರಸಭೆಯ ಮನೆಗಳನ್ನ ಬಾಡಿಗೆದಾರರು ಅಗ್ಗಕ್ಕೆ ಕೊಳ್ಳುವ ಹಕ್ಕು ತಂದಿತು. ಕೊಂಡ ಬಡವನನ್ನ ನಾವು ದೂರೋದಿಲ್ಲ. ಆದರೆ 18 ಲಕ್ಷಕ್ಕೂ ಹೆಚ್ಚು ಮನೆ ಹೀಗೆ ಹೋದವು, ಅಷ್ಟನ್ನ ಮತ್ತೆ ಕಟ್ಟಲಿಲ್ಲ. ಹೊಣೆ ಉಳಿಯಿತು, ಮನೆ ಉಳಿಯಲಿಲ್ಲ. ಹಾಗಾಗಿ ಪಾಲು ಕೊಡದೆ ತಪ್ಪಿಸಿಕೊಂಡ ಒಡೆಯನಿಗೇ ಜನರ ತೆರಿಗೆಯಿಂದ ಬಾಡಿಗೆ ಸಂದಾಯ.

ಒಬ್ಬರಿಗೆ ಕನಿಷ್ಠ 37 ಚದರ ಮೀಟರ್ ಬೇಕು ಅಂತ ಅಲ್ಲಿನ ರಾಷ್ಟ್ರೀಯ ಅಳತೆ. ಇಂಥ ಮಾರ್ಪಾಟಿನ ಮನೆಗಳಲ್ಲಿ ಆ ಅಳತೆ ಮುಟ್ಟಿದ್ದು ನೂರಕ್ಕೆ 22 ಮಾತ್ರ ಅಂತ 2020ರ ಸರ್ಕಾರಿ ಅಧ್ಯಯನವೇ ಹೇಳಿತು. ಆ ವರ್ಷ ಬೆಳಕು ಕಡ್ಡಾಯವಾಯಿತು, 2021ರಲ್ಲಿ ಅಳತೆ. ಆ ಹೊತ್ತಿಗೆ ಹತ್ತಾರು ಸಾವಿರ ಮನೆ ಎದ್ದಿದ್ದವು. 1,500 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ ಈ ರಿಯಾಯಿತಿ ಇಲ್ಲ ಅಂತ 2021ರಲ್ಲಿ ಹಾಕಿದ ಮಿತಿಯನ್ನ 2024ರ ಮಾರ್ಚಿನಲ್ಲಿ ತೆಗೆದುಹಾಕಿದರು. ಬಡವರ ಮನೆಯ ಪಾಲಿನ ಮಾತು ಆಗಲೂ ಬರಲಿಲ್ಲ.