ಇಸಬೆಲ್ಲಾ ರಾಣಿಯ ಕಾಲು ಡಾಲರ್

1893ರ ಚಿಕಾಗೋ ಎಂದೊಡನೆ ನಮಗೆಲ್ಲ ನೆನಪಾಗುವುದು ಸ್ವಾಮಿ ವಿವೇಕಾನಂದರು. ಸೆಪ್ಟೆಂಬರ್ 11ರಂದು ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ, ಆ ಊರಿನಲ್ಲಿ ಆಗ ನಡೆಯುತ್ತಿದ್ದ ದೊಡ್ಡ ಜಾಗತಿಕ ಮೇಳದ ಅಂಗವಾಗಿತ್ತು. ಕೊಲಂಬಸ್ ಅಮೆರಿಕ ತಲುಪಿ 400 ವರ್ಷ ತುಂಬಿದ ನೆನಪಿನ ಮೇಳ ಅದು. ಅಮೆರಿಕದ ಸ್ಮಾರಕ ಬೆಳ್ಳಿ ನಾಣ್ಯಗಳ ಕಥೆಯೂ ಅದೇ ಮೇಳದಿಂದ ಶುರುವಾಗುತ್ತದೆ. ಆ ನಾಣ್ಯಗಳಲ್ಲಿ ಒಂದನ್ನು ಹಟ ಹಿಡಿದು ಪಡೆದವರು ಮಹಿಳೆಯರು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ.

ಮೊದಲು ಬಂದದ್ದು 1892ರ ಅರ್ಧ ಡಾಲರ್. ಒಂದು ಬದಿಯಲ್ಲಿ ಕೊಲಂಬಸ್, ಇನ್ನೊಂದು ಬದಿಯಲ್ಲಿ ಅವನ ಹಡಗು ಸಾಂತಾ ಮರಿಯಾ. 50 ಸೆಂಟಿನ ನಾಣ್ಯವನ್ನು ಒಂದು ಡಾಲರಿಗೆ ಮಾರಿ, ಉಳಿದ ಹಣದಿಂದ ಮೇಳದ ಖರ್ಚು ತೂಗಿಸುವುದು ಲೆಕ್ಕಾಚಾರ. ಮೊದಲ ನಾಣ್ಯಕ್ಕೆ ಟೈಪ್‌ರೈಟರ್ ಕಂಪನಿಯೊಂದು 10,000 ಡಾಲರ್ ಕೊಟ್ಟಿತು. ಆದರೆ ಎರಡು ವರ್ಷಗಳಲ್ಲಿ ಸುಮಾರು 50 ಲಕ್ಷ ನಾಣ್ಯ ಅಚ್ಚಾದಾಗ ಕೊಳ್ಳುವವರು ಸಾಲಲಿಲ್ಲ. ಅರ್ಧದಷ್ಟನ್ನು ಕರಗಿಸಿದರು; ಉಳಿದವುಗಳಲ್ಲಿ ಬಹಳಷ್ಟು 50 ಸೆಂಟಿಗೇ ಸಂತೆ ಸೇರಿದವು.

ಈ ಮೇಳದ ಆಡಳಿತದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಸೂಸನ್ ಬಿ. ಆಂಥನಿ ಮುಂತಾದವರು ಒತ್ತಾಯಿಸಿದ್ದರು. ಅದರ ಫಲವಾಗಿ 1890ರಲ್ಲಿ 'ಬೋರ್ಡ್ ಆಫ್ ಲೇಡಿ ಮ್ಯಾನೇಜರ್ಸ್' ಎಂಬ ಮಂಡಳಿ ಹುಟ್ಟಿತು. ಚಿಕಾಗೋದ ಬರ್ಥಾ ಪಾಲ್ಮರ್ ಅದರ ಅಧ್ಯಕ್ಷೆ. ಮೇಳದಲ್ಲಿ ಮಹಿಳೆಯರಿಗೆಂದೇ ಒಂದು ಭವನ ಎದ್ದಿತು. ಅದರ ನಕ್ಷೆ ಮಾಡಿದ್ದು ಸೋಫಿಯಾ ಹೇಡನ್ ಎಂಬ ಎಳೆಯ ವಾಸ್ತುಶಿಲ್ಪಿ; ಒಳಗಿನ ದೊಡ್ಡ ಭಿತ್ತಿಚಿತ್ರಗಳಲ್ಲಿ ಒಂದನ್ನು ಬರೆದದ್ದು ಮೇರಿ ಕಸ್ಸಾಟ್.

ಮಂಡಳಿಗೆ ಸರ್ಕಾರ ಕೊಡಬೇಕಿದ್ದ ಅನುದಾನದಲ್ಲಿ 10,000 ಡಾಲರನ್ನು ಸ್ಮಾರಕ ನಾಣ್ಯಗಳ ರೂಪದಲ್ಲೇ ಕೊಡಿ ಎಂದು ಪಾಲ್ಮರ್ ಕೇಳಿದರು. 1893ರ ಮಾರ್ಚ್‌ನಲ್ಲಿ ಕಾನೂನಾಯಿತು: 40,000 ಕಾಲು ಡಾಲರ್‌ಗಳು. ಅದರ ಮೇಲೆ ಕೊಲಂಬಸನ ಯಾನಕ್ಕೆ ಬೆಂಬಲ ಕೊಟ್ಟ ಸ್ಪೇನಿನ ರಾಣಿ ಇಸಬೆಲ್ಲಾ ಇರಬೇಕೆಂದು ತೀರ್ಮಾನವಾಯಿತು. ಅಮೆರಿಕದ ನಾಣ್ಯಗಳಲ್ಲಿ ಸ್ವಾತಂತ್ರ್ಯ ದೇವಿಯ ಮುಖ ಮೊದಲಿನಿಂದ ಇತ್ತು. ಆದರೆ ನಿಜವಾಗಿ ಬದುಕಿ ಬಾಳಿದ ಹೆಣ್ಣೊಬ್ಬಳ ಮುಖ ಬಂದದ್ದು ಇದೇ ಮೊದಲು.

ನಾಣ್ಯದ ವಿನ್ಯಾಸವನ್ನೂ ಹೆಣ್ಣೇ ಮಾಡಲಿ ಎಂದು ಮಂಡಳಿಯವರು ಕ್ಯಾರೊಲಿನ್ ಪೆಡಲ್ ಎಂಬ ಶಿಲ್ಪಿಗೆ ಕೆಲಸ ಒಪ್ಪಿಸಿದರು. ಟಂಕಸಾಲೆಯವರಿಗೆ ಅದು ಹಿಡಿಸಲಿಲ್ಲ. ಆಕೆಯ ಕಲ್ಪನೆಗೆ ಆಕ್ಷೇಪ ಬಂತು. ಹಿಂಬದಿಯ ಚಿತ್ರ ನಮ್ಮವರದ್ದೇ ಇರಲಿ ಎಂಬ ಮಾತೂ ಬಂತು. ಬೇಸತ್ತ ಪೆಡಲ್ ಹಿಂದೆ ಸರಿದರು. ಕೊನೆಗೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಅವರ ವಿನ್ಯಾಸವೇ ಅಚ್ಚಾಯಿತು. ಮುಂದೆ ಕಿರೀಟ ತೊಟ್ಟ ರಾಣಿ. ಹಿಂದೆ ಮಂಡಿಯೂರಿ ಕುಳಿತು ಉಣ್ಣೆ ನೂಲುವ ಹೆಂಗಸು. ಭವನ ಕಟ್ಟಿದ, ಚಿತ್ರ ಬರೆದ, ಮೇಳ ನಡೆಸಿದ ಹೆಂಗಸರ ದುಡಿಮೆಗೆ ಟಂಕಸಾಲೆಗೆ ಹೊಳೆದ ಸಂಕೇತ ನೂಲುವ ಕದಿರು!

ಮಾರಾಟವೂ ಸುಲಭವಾಗಲಿಲ್ಲ. ಒಂದು ಡಾಲರಿಗೆ ದೊಡ್ಡ ಅರ್ಧ ಡಾಲರ್ ಸಿಗುವಾಗ ಅದೇ ಬೆಲೆಗೆ ಚಿಕ್ಕ ಕಾಲು ಡಾಲರ್ ಯಾರಿಗೆ ಬೇಕು? 15,809 ನಾಣ್ಯಗಳು ಟಂಕಸಾಲೆಗೆ ಮರಳಿ ಕರಗಿದವು. ಉಳಿದದ್ದು ಸುಮಾರು 24,000 ಮಾತ್ರ. ಅಂದು ಹಿನ್ನಡೆ ಎನಿಸಿದ ಆ ಸಣ್ಣ ಸಂಖ್ಯೆಯೇ ಇಂದು ಸಂಗ್ರಾಹಕರನ್ನು ಸೆಳೆಯುತ್ತದೆ.

ಸಂಗ್ರಾಹಕರು ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ ಅಳತೆ ಇದು. 60 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದರೆ ಚಲಾವಣೆಯ ಸವೆತವೇ ಇಲ್ಲವೆಂದರ್ಥ. ಇಸಬೆಲ್ಲಾ ನಾಣ್ಯದಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗಗಳು: ರಾಣಿಯ ಕೆನ್ನೆಯ ಮೂಳೆ, ಕಿರೀಟದ ಕೆಳಭಾಗ, ಹಿಂಬದಿಯಲ್ಲಿ ನೂಲುವವಳ ತೊಡೆಯ ಮೇಲಿನ ಉಣ್ಣೆಯ ಎಳೆ. ಬೆಳಕಿನಲ್ಲಿ ಮೆಲ್ಲಗೆ ವಾಲಿಸಿದಾಗ ಹೊಳಪು ಚಕ್ರದ ಹಾಗೆ ಸುತ್ತಬೇಕು. ಉಬ್ಬಿನ ಮೇಲೆ ಆ ಹೊಳಪು ಕಡಿದು ಮಂಕಾಗಿ ಕಂಡರೆ ನಾಣ್ಯ ಕೈಯಿಂದ ಕೈಗೆ ಓಡಾಡಿದೆ ಎಂದು ತಿಳಿಯಬೇಕು.

ಇಲ್ಲಿ ನಾವು ಹೆಂಗಸರು ನೆನಪಿಡಬೇಕಾದ ಮಾತೊಂದಿದೆ. ಹಬ್ಬ ಬಂತೆಂದರೆ ದೇವರ ಮನೆಯ ಬೆಳ್ಳಿ ದೀಪ, ಕುಂಕುಮದ ಭರಣಿಗಳನ್ನು ವಿಭೂತಿ ಹಾಕಿ ಥಳಥಳ ಹೊಳೆಯುವಂತೆ ಉಜ್ಜುವವರು ನಾವು. ಹಳೆಯ ನಾಣ್ಯಕ್ಕೆ ಮಾತ್ರ ಅದು ಕೂಡದು. ಉಜ್ಜಿದರೆ ಕೂದಲೆಳೆಯಂಥ ಗೀರುಗಳು ಬಿದ್ದು ಅಚ್ಚಿನ ಮೂಲ ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂಥ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳು ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ, 'ಉಜ್ಜಲಾಗಿದೆ' ಎಂದು ಬರೆದುಬಿಡುತ್ತವೆ. ಕಾಲ ತಾನಾಗಿ ಹತ್ತಿಸಿದ ಕಂದು, ನೀಲಿ, ನೇರಳೆ ಛಾಯೆಗಳನ್ನು ಬಲ್ಲವರು ಆಸೆಪಟ್ಟು ಕೊಳ್ಳುತ್ತಾರೆ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು ಎಂಬುದೂ ಅವರ ಮೊದಲ ಪಾಠ.

ಪೆಡಲ್ ಅವರಿಗೆ ತಪ್ಪಿದ ಅವಕಾಶ 1921ರಲ್ಲಿ ಲಾರಾ ಗಾರ್ಡಿನ್ ಫ್ರೇಸರ್ ಅವರಿಗೆ ಸಿಕ್ಕಿತು. ಅವರು ರೂಪಿಸಿದ ಅಲಬಾಮಾ ಅರ್ಧ ಡಾಲರ್, ಮಹಿಳೆಯೊಬ್ಬರು ವಿನ್ಯಾಸ ಮಾಡಿದ ಅಮೆರಿಕದ ಮೊದಲ ನಾಣ್ಯ. ಅಷ್ಟರಲ್ಲಿ, 1920ರಲ್ಲಿ, ಸಂವಿಧಾನದ ತಿದ್ದುಪಡಿಯಿಂದ ಅಲ್ಲಿನ ಹೆಂಗಸರ ಮತದ ಹಕ್ಕಿಗೆ ದೇಶದ ಉದ್ದಗಲಕ್ಕೂ ಮನ್ನಣೆ ಬಂದಿತ್ತು. 1892ರಲ್ಲಿ ಶುರುವಾದ ಹಳೆಯ ಸ್ಮಾರಕ ನಾಣ್ಯಗಳ ಸಾಲು 1954ಕ್ಕೆ ಮುಗಿಯಿತು.

ಆರೂಕಾಲು ಗ್ರಾಂ ತೂಕದ ಈ ನಾಣ್ಯದ ಬೆಲೆಯನ್ನು ಅಂಕಗಳು ಹೇಳಬಹುದು. ಆದರೆ ಹಿಂಬದಿಯಲ್ಲಿ, ನೂಲುವವಳ ಸುತ್ತ ಕೆತ್ತಿರುವ 'ಬೋರ್ಡ್ ಆಫ್ ಲೇಡಿ ಮ್ಯಾನೇಜರ್ಸ್' ಎಂಬ ಹೆಸರನ್ನೂ ಓದಬೇಕು. ಚಿತ್ರವನ್ನು ಟಂಕಸಾಲೆ ತನ್ನ ಇಷ್ಟದಂತೆ ಮಾಡಿಕೊಂಡಿತು. ಹೆಸರು ಮಾತ್ರ ಕೇಳಿ ಪಡೆದ ಮಹಿಳೆಯರದ್ದೇ ಉಳಿಯಿತು. ಮತದಾನಕ್ಕೂ ಬಹುಪಾಲು ಹೆಂಗಸರಿಗೆ ಹಕ್ಕಿಲ್ಲದ ಕಾಲದಲ್ಲಿ ದೇಶದ ನಾಣ್ಯದ ಮೇಲೆ ಹೀಗೆ ಹೆಸರು ಅಚ್ಚೊತ್ತಿಸಿದ್ದು ಸಣ್ಣ ಮಾತಲ್ಲ.