ಕಡೆಯ ಹೊಯ್ಸಳ ದೊರೆಯೂ ಬಾರಕೂರಿನ ರಾಣಿಯೂ

ಅರಸರ ಯೋಗ್ಯತೆಯನ್ನು ಅವರಾಳಿದ ವರ್ಷಗಳ ಸಂಖ್ಯೆಯಿಂದ ಅಳೆಯುವುದು ಲೋಕರೂಢಿ. ಈ ರೂಢಿಯಿಂದ ಅನ್ಯಾಯಕ್ಕೊಳಗಾದವರಲ್ಲಿ ಹೊಯ್ಸಳ ವಂಶದ ಕಡೆಯ ದೊರೆಯಾದ ನಾಲ್ಕನೆಯ ಬಲ್ಲಾಳನು ಒಬ್ಬನು. ವಿರೂಪಾಕ್ಷ ಬಲ್ಲಾಳನೆಂದೂ ಹೆಸರುಳ್ಳ ಈತನು ಕ್ರಿ.ಶ. 1343ರಲ್ಲಿ ಪಟ್ಟವೇರಿದನು, ಸುಮಾರು ಮೂರು ವರ್ಷಗಳೊಳಗೆ ಇತಿಹಾಸದಿಂದ ಮರೆಯಾದನು. ರಾಜ್ಯವು ಇವನ ಕಾಲದಲ್ಲಿ ಅಳಿಯಿತೆಂಬುದು ನಿಜ. ಇವನಿಂದಲೇ ಅಳಿಯಿತೆಂಬುದು ವಿಚಾರಾರ್ಹ.

ದೋರಸಮುದ್ರವು 1311ರಲ್ಲಿಯೂ 1327ರಲ್ಲಿಯೂ ದೆಹಲಿಯ ಸೈನ್ಯಗಳಿಂದ ಹಾಳಾಗಿದ್ದಿತು. ತಂದೆ ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯನ್ನು ನೆಲೆಯಾಗಿ ಮಾಡಿಕೊಂಡು, ಮುಪ್ಪಿನಲ್ಲಿಯೂ ಮಧುರೆಯ ಸುಲ್ತಾನನೊಡನೆ ಹೋರಾಡಿ, 1342ರಲ್ಲಿ ಸೆರೆಸಿಕ್ಕು ಹತನಾದನು. ಅಷ್ಟರಲ್ಲಿ ಹರಿಹರ ಮೊದಲಾದ ಸಂಗಮ ಸೋದರರು ತುಂಗಭದ್ರಾ ತೀರದಲ್ಲಿ ಪ್ರಬಲರಾಗಿದ್ದರು. ಮಗನ ಪಾಲಿಗೆ ಬಂದುದು ಸಿಂಹಾಸನದ ಹೆಸರು, ಅದರ ಬಲವಲ್ಲ.

ಘಟ್ಟದ ಕೆಳಗಿನ ಸ್ಥಿತಿ ಬೇರೆಯಾಗಿದ್ದಿತು. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಪಯಣಿಸಿದ ಇಬ್ನ್ ಬತೂತನು ಹೊನ್ನಾವರದಿಂದ ಬಸರೂರಿಗೂ, ಅಲ್ಲಿಂದ ತಾನು 'ಫಾಕನೂರು' ಎಂದು ಕರೆದ ಬಾರಕೂರಿಗೂ ಬಂದನು. ಅಲ್ಲಿ ಕಬ್ಬು ಹೇರಳವೆಂದೂ, ಅರಸನಿಗೆ ಮೂವತ್ತು ನಾವೆಗಳಿದ್ದುವೆಂದೂ, ಬರುವ ಹಡಗುಗಳು ಅವನಿಗೆ ಕಾಣಿಕೆ ಸಲ್ಲಿಸಬೇಕಾಗಿತ್ತೆಂದೂ ಬರೆದಿರುವನು. ಈ ಸಂಪನ್ನ ಬಾರಕೂರು ಆಳುಪರ ರಾಜಧಾನಿ. ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿಯು ಆ ಆಳುಪ ಕುಲದವಳು. ಅವಳ ಆಳಿಕೆಯ ಶಾಸನಗಳು ಬಾರಕೂರಿನಲ್ಲಿ ದೊರೆತಿವೆ. ಗಂಡನು ಸೆರೆಸಿಕ್ಕು ಹತನಾಗಿ, ಹೊಯ್ಸಳ ಸಿಂಹಾಸನವು ಕುಸಿಯುತ್ತಿದ್ದಾಗಲೂ ತುಳುನಾಡಿನಲ್ಲಿ ಅವಳ ಹೆಸರು ಅಳಿಯಲಿಲ್ಲ.

1346ರಲ್ಲಿ ಹರಿಹರನೂ ಅವನ ಸೋದರರೂ ಶೃಂಗೇರಿಯಲ್ಲಿ ವಿಜಯೋತ್ಸವವನ್ನಾಚರಿಸಿ, ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂದಾನ ಮಾಡಿದರು. ಅದೇ ವರ್ಷ ರಾಣಿಯೂ ಆ ಮಠಕ್ಕೆ ದಾನವಿತ್ತಳು. ಅಸ್ತಮಿಸಿದ ಕುಲದ ರಾಣಿಯ ದಾನವೂ ಉದಯಿಸುತ್ತಿದ್ದ ಕುಲದ ಸೋದರರ ದಾನವೂ ಒಂದೇ ಗುರುಪೀಠವನ್ನು ಸೇರಿದುದು ಗಮನಾರ್ಹ. ಇದೊಂದರಿಂದಲೇ ಅಧಿಕಾರವು ಸ್ನೇಹದಿಂದ ಕೈಬದಲಾಯಿತೆಂದು ಸಿದ್ಧಾಂತಿಸುವುದು ಸಾಹಸವಾದೀತು. ಆದರೆ ಕೊಳ್ಳಿಯಿಟ್ಟು ಕಿತ್ತುಕೊಂಡ ರಾಜ್ಯದಲ್ಲಿ ಸೋತವರ ರಾಣಿಯು ಮಾನದಿಂದ ದಾನಮಾಡುವುದು ಅಪರೂಪ.

ಮುಂದೆ ಬಾರಕೂರು ವಿಜಯನಗರದ ಒಂದು ರಾಜ್ಯವಾಗಿ, ರಾಯರ ಅಧಿಕಾರಿಗಳ ನೆಲೆಯಾಯಿತು. ನಾಲ್ಕನೆಯ ಬಲ್ಲಾಳನಿಗೆ ಕೀರ್ತಿ ಲಭಿಸಲಿಲ್ಲ. ಆದರೆ ಮೂವತ್ತೆರಡು ವರ್ಷಗಳ ಭಾರವನ್ನು ಮೂರು ವರ್ಷಗಳ ಅರಸನ ತಲೆಗೆ ಹೊರಿಸುವುದು ನ್ಯಾಯವಲ್ಲ. ಪತನಕ್ಕೆ ಕಾರಣವನ್ನರಸುವವರು ಕಡೆಯ ದೊರೆಯನ್ನಲ್ಲ, 1311ರಿಂದ ಆರಂಭವಾದ ಆ ದೀರ್ಘ ಕ್ಷಯವನ್ನು ನೋಡಬೇಕು.